ಈದ ನಾಯಿಯ ಗೂಡಿಗೆ ಕೈ ಹಾಕುವ ಮೊದಲು

ನಮ್ಮ ಕಡೆ ಬೀದಿನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಅಲ್ಲಿಂದ ಸುಮಾರು 63 ದಿನ ಎಣಿಸಿದರೆ ಚಳಿಗಾಲ. ಹಾಗಾಗಿ ಮೆಟ್ಟಿಲ ಕೆಳಗೆ, ಸಂಪಿನ ಪಕ್ಕ, ಕಟ್ಟುತ್ತಿರುವ ಮನೆಯ ಮರಳುಗುಡ್ಡೆಯ ಹಿಂದೆ ಮರಿಗಳ ಕುಂಯ್‌ಕುಂಯ್ ಕೇಳಿಸುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ. ಅದರ ಜೊತೆಗೆ ಒಂದು ಪ್ರಸಂಗವೂ ವರ್ಷ ವರ್ಷ ಊರೂರಲ್ಲಿ ನಡೆಯುತ್ತದೆ.

ನಿನ್ನೆಯವರೆಗೆ ಬಿಸ್ಕತ್ತಿಗೆ ಬಾಲ ಆಡಿಸುತ್ತಿದ್ದ ನಾಯಿ ಮರಿ ಹಾಕಿರುತ್ತದೆ. ಪಾಪ, ಚಳಿ ಅಂತ ಮನೆಯವರು ಗೋಣಿಚೀಲ ಹಾಸಲು ಬಗ್ಗುತ್ತಾರೆ. ಮರಿ ನೆಕ್ಕುತ್ತಿದ್ದ ತಾಯಿ ನೆಕ್ಕುವುದನ್ನು ನಿಲ್ಲಿಸುತ್ತದೆ. “ಇದು ನಮ್ಮ ನಾಯಿ, ಏನೂ ಮಾಡಲ್ಲ” ಎನ್ನುತ್ತಾ ಒಂದು ಮರಿ ಎತ್ತಿಕೊಳ್ಳುತ್ತಾರೆ. ಮರಿ ಕಿರುಚುತ್ತದೆ, ತಾಯಿ ಮುಂಗೈಗೆ ಬಾಯಿ ಹಾಕುತ್ತದೆ, ಮರಿ ಕೈಜಾರಿ ಸಿಮೆಂಟಿನ ಮೇಲೆ ಬೀಳುತ್ತದೆ. ಸಂಜೆಗೆ ಬೀದಿಯವರೆಲ್ಲ ಸೇರಿ ನಾಯಿಗೆ ಹುಚ್ಚು ಎಂದು ತೀರ್ಪು ಕೊಟ್ಟು, ಅದು ಅತ್ತ ಹೋದಾಗ ಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಖಾಲಿ ಸೈಟಿನಲ್ಲಿಟ್ಟು, ಪಕ್ಕದಲ್ಲಿ ಒಂದು ತಟ್ಟೆ ಹಸುವಿನ ಹಾಲನ್ನೂ ಇಟ್ಟು ಬರುತ್ತಾರೆ. ಬೆಳಗಾಗುವಷ್ಟರಲ್ಲಿ ಅರ್ಧ ಮರಿ ಇಲ್ಲ. ಇಷ್ಟರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೂ ತಪ್ಪು.

ಮೊದಲನೆಯದು, ನಾಯಿ ಎಚ್ಚರಿಕೆ ಕೊಡಲಿಲ್ಲ ಎಂಬ ಮಾತು. ಕೊಟ್ಟಿತ್ತು. ನೆಕ್ಕುವುದನ್ನೋ ತಿನ್ನುವುದನ್ನೋ ತಟ್ಟನೆ ನಿಲ್ಲಿಸಿ ಮೈ ಬಿಗಿಹಿಡಿಯುವುದೇ ಅದರ ಮೊದಲ ಮಾತು. ಆಮೇಲೆ ತಲೆ ತಿರುಗಿಸದೆ ಕಣ್ಣಂಚಿನಿಂದ ನೋಡುತ್ತದೆ, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತದೆ. ತುಟಿ ನೆಕ್ಕಿಕೊಳ್ಳಬಹುದು, ಮರಿಗಳ ಮೇಲೆ ಕತ್ತು ಚಾಚಿ ಅಡ್ಡ ನಿಲ್ಲಬಹುದು. ಗುರುಗುಟ್ಟುವುದು, ಹಲ್ಲು ತೋರಿಸುವುದು ಇದಾದ ಮೇಲೆ. ಮೈ ಮರಗಟ್ಟಿದಂತಾಗುವುದಕ್ಕೂ ಕಚ್ಚುವುದಕ್ಕೂ ನಡುವೆ ಕೆಲವು ಸಲ ಒಂದೆರಡು ಸೆಕೆಂಡೂ ಇರುವುದಿಲ್ಲ. ಗುರುಗುಟ್ಟಿತೆಂದು ಕೋಲು ತೋರಿಸಿ ಗದರಿಸುವವರಿದ್ದಾರೆ. ಅದರಿಂದ ನಾಯಿ ಕಲಿಯುವುದು ಒಂದೇ: ಮುಂದಿನ ಸಲ ಗುರುಗುಟ್ಟದೆ ನೇರ ಕಚ್ಚುವುದು. ಬಾಲ ಆಡುತ್ತಿದೆ ಎಂಬ ಧೈರ್ಯವೂ ಬೇಡ. ಬಾಲ ನೆಟ್ಟಗೆ ಮೇಲೆದ್ದು ಬಿಗಿಯಾಗಿ ಅಲುಗುತ್ತಿದ್ದರೆ ಅದು ಸ್ನೇಹವಲ್ಲ.

ಹೆತ್ತ ಕೂಡಲೇ ನಾಯಿಯ ಮೈಯಲ್ಲಿ ಹಾರ್ಮೋನುಗಳು ಬದಲಾಗುತ್ತವೆ. ಹಾಲು ಇಳಿಸುವ ಅದೇ ಬದಲಾವಣೆಯ ಜೊತೆ ಮರಿ ಕಾಯುವ ಉಗ್ರತೆಯೂ ಬರುತ್ತದೆ. ನಿಮ್ಮ ಮೇಲಿನ ಪ್ರೀತಿ ಕಡಿಮೆಯಾದದ್ದಲ್ಲ. ಮೊದಲ ಎರಡು ಮೂರು ವಾರ ಇದು ಜೋರು, ಮರಿಗಳು ತಾವಾಗಿ ಓಡಾಡತೊಡಗಿದಂತೆ ಇಳಿಯುತ್ತದೆ. ಐದು ವರ್ಷ ಸಾಕಿದ ಮುಧೋಳವಾಗಲಿ, ಸೋಫಾದ ಮೇಲೆ ಮಲಗುವ ಪೊಮೆರೇನಿಯನ್ ಆಗಲಿ, ಈ ಅವಧಿಯಲ್ಲಿ ಹಳೆಯ ಲೆಕ್ಕ ನಡೆಯದು.

ಹಾಗಾದರೆ ಮುಟ್ಟಲೇಬಾರದೇ? ಬೀದಿನಾಯಿಯಾದರೆ, ಮಳೆನೀರು ನುಗ್ಗುವ ಮೋರಿಯಲ್ಲೋ ಕಾರಿನ ಚಕ್ರದಡಿಯಲ್ಲೋ ಇಲ್ಲದಿದ್ದರೆ, ಮೊದಲ ಎರಡು ವಾರ ಮುಟ್ಟಬೇಡಿ. ಹತ್ತು ಹದಿನೈದು ಅಡಿ ದೂರದಲ್ಲಿ ನೀರು, ಅನ್ನಕ್ಕೆ ಮೊಟ್ಟೆಯೋ ಮಾಂಸವೋ ಕಲಸಿ ದಿನಕ್ಕೆ ಎರಡು ಮೂರು ಸಲ ಇಟ್ಟು ಹಿಂದೆ ಸರಿದರೆ ಸಾಕು. ತಾಯಿ ಹೊಟ್ಟೆ ತುಂಬಿದರೆ ಮರಿಯ ಹೊಟ್ಟೆ ತುಂಬುತ್ತದೆ. ಗೋಣಿಚೀಲ ಹಾಸಲೇಬೇಕೆಂದರೆ ಅದು ಊಟಕ್ಕೆ ಎದ್ದು ಹೋದಾಗ ಅಂಚಿಗೆ ಸರಿಸಿ ಇಡಿ. ಬೇಕಾದರೆ ಅದೇ ಎಳೆದುಕೊಳ್ಳುತ್ತದೆ.

ಸಾಕುನಾಯಿಯ ವಿಷಯ ಬೇರೆ. ಮರಿಗಳನ್ನು ದಿನವೂ ತೂಗಬೇಕು, ಹೊಕ್ಕುಳು ನೋಡಬೇಕು, ಹಾಸು ಬದಲಿಸಬೇಕು. ಇದಕ್ಕೆ ಇಬ್ಬರು ಬೇಕು. ನಾಯಿಗೆ ಅತಿ ಹತ್ತಿರದವರು ಅದಕ್ಕೆ ಬೆಲ್ಟ್ ಹಾಕಿ ಮೂತ್ರಕ್ಕೆ ಹೊರಗೆ ಕರೆದೊಯ್ಯಲಿ, ಇನ್ನೊಬ್ಬರು ಬಾಗಿಲು ಚಿಲಕ ಹಾಕಿ ಕೆಲಸ ಮಾಡಲಿ. ಚಿಲಕ ಮುಖ್ಯ. ಮರಿ ಕಿರುಚಿದರೆ ತಾಯಿ ಬೆಲ್ಟ್ ಕಿತ್ತುಕೊಂಡು ಬರುವುದುಂಟು. ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಹೊರಗಿನ ಚಪ್ಪಲಿ ಕೋಣೆಯೊಳಗೆ ಬೇಡ, ಮರಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೊ ವೈರಸ್ ಬರುವ ದಾರಿಗಳಲ್ಲಿ ಅದೂ ಒಂದು. ಮರಿ ಎತ್ತುವಾಗ ಕುತ್ತಿಗೆಯ ಚರ್ಮ ಹಿಡಿಯದೆ ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗದ ಕೆಳಗೆ ಕೊಟ್ಟು, ನೆಲದಿಂದ ಒಂದಡಿಗಿಂತ ಮೇಲೆತ್ತದೆ, ಕೂತೇ ಕೆಲಸ ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲ ದಿನ ತೂಕ ಸ್ವಲ್ಪ ಇಳಿಯಬಹುದು. ಆಮೇಲೆ ದಿನಕ್ಕೆ ಹುಟ್ಟುತೂಕದ ಶೇ 5ರಿಂದ 10ರಷ್ಟು ಏರಬೇಕು, ಎಂಟು ಹತ್ತು ದಿನಕ್ಕೆ ಇಮ್ಮಡಿಯಾಗಬೇಕು. ಎರಡು ದಿನ ತೂಕ ನಿಂತ ಮರಿಯನ್ನು ವೈದ್ಯರಿಗೆ ತೋರಿಸಿ. ಎಲ್ಲವೂ ಐದಾರು ನಿಮಿಷದಲ್ಲಿ ಮುಗಿದು, ತಾಯಿ ಒಳಬರುವಷ್ಟರಲ್ಲಿ ಎಲ್ಲ ಮರಿಗಳೂ ಗೂಡಿನಲ್ಲಿರಬೇಕು. ಮರಿ ಕೈಯಲ್ಲಿರುವಾಗ ತಾಯಿ ಒಳನುಗ್ಗಿದರೆ ಮರಿಯನ್ನು ಎದೆಗೆ ಅವಚಿಕೊಳ್ಳಬೇಡಿ, ಮೇಲಕ್ಕೆತ್ತಬೇಡಿ. ಮೆಲ್ಲನೆ ನೆಲಕ್ಕಿಟ್ಟು, ಪಕ್ಕಕ್ಕೆ ತಿರುಗಿ, ಕಣ್ಣು ತಗ್ಗಿಸಿ ಹಿಂದೆ ಸರಿಯಿರಿ. ಎತ್ತಿ ಹಿಡಿದ ಮರಿಗೆ ನಾಯಿ ಜಿಗಿದರೆ ಹಲ್ಲು ಸಿಗುವುದು ನಿಮ್ಮ ಮುಖಕ್ಕೆ.

ಮಕ್ಕಳ ಮುಖ ಮೊದಲೇ ಆ ಎತ್ತರದಲ್ಲಿರುತ್ತದೆ. ಮೂರು ವಾರದವರೆಗೆ ಮಕ್ಕಳನ್ನೂ ಮರಿ ನೋಡಲು ಬರುವ ನೆಂಟರನ್ನೂ ಆ ಕೋಣೆಗೆ ಬಿಡಬೇಡಿ. ಫೋಟೊ ಆಮೇಲೂ ತೆಗೆಯಬಹುದು.

ಕಚ್ಚುತ್ತದೆಂದು ತಾಯಿಗೆ ಬಾಯಿಕುಕ್ಕೆ ಹಾಕಿ ಮರಿಗಳ ಜೊತೆ ಬಿಡುವುದು ಇನ್ನೊಂದು ಅನಾಹುತ. ಮೊದಲ ಎರಡು ಮೂರು ವಾರ ಮರಿಗಳಿಗೆ ತಾವಾಗಿ ಮಲಮೂತ್ರ ಮಾಡಲು ಬಾರದು, ತಾಯಿ ಹೊಟ್ಟೆಯ ಕೆಳಭಾಗ ನೆಕ್ಕಿದರೇ ಆಗುವುದು. ಕುಕ್ಕೆ ಹಾಕಿದ ಬಾಯಿ ನೆಕ್ಕುವುದು ಹೇಗೆ? ಗೂಡಿನ ಪಕ್ಕ ಸರಪಳಿಯಲ್ಲಿ ಕಟ್ಟುವುದೂ ಅಷ್ಟೇ. ಸರಪಳಿಗೆ ಮರಿ ಸುತ್ತಿಕೊಳ್ಳುತ್ತದೆ, ತಪ್ಪಿಸಿಕೊಳ್ಳಲು ಜಾಗವಿಲ್ಲದ ನಾಯಿ ಬೇಗ ಕಚ್ಚುತ್ತದೆ.

ಮನುಷ್ಯನ ವಾಸನೆ ಹತ್ತಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬ ಮಾತನ್ನೂ ಇಲ್ಲೇ ಮುಗಿಸೋಣ. ನಾಯಿ ಬರೀ ವಾಸನೆಗೆ ಮರಿ ತೊರೆಯುವುದಿಲ್ಲ. ಪದೇ ಪದೇ ಕೆಣಕಿದರೆ ಮಾತ್ರ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತದೆ, ಗಾಬರಿಯಲ್ಲಿ ತುಳಿಯುತ್ತದೆ. ಅಪರೂಪಕ್ಕೆ ತನ್ನ ಮರಿಯನ್ನೇ ಕಚ್ಚುವುದೂ ಉಂಟು.

ಇನ್ನು ಆ ಖಾಲಿ ಸೈಟಿನ ಪೆಟ್ಟಿಗೆ. ಮರಿಗಳನ್ನು ಕೊಂದದ್ದು ಬಹುಪಾಲು ಹಸಿವಲ್ಲ, ಚಳಿ. ಹುಟ್ಟಿದ ವಾರದಲ್ಲಿ ಮರಿಗೆ ನಡುಗಲೂ ಬಾರದು, ಮೈ ಬಿಸಿ ಉಳಿಸಿಕೊಳ್ಳಲೂ ಬಾರದು. ಅದರ ಮೈಬಿಸಿ ದೊಡ್ಡ ನಾಯಿಗಿಂತ ಕಡಿಮೆ, 95ರಿಂದ 98 ಡಿಗ್ರಿ ಫ್ಯಾರನ್‌ಹೀಟ್. ಸುತ್ತಲಿನ ಗಾಳಿ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು, ಬೆಂಗಳೂರಿನ ಜನವರಿಯ ರಾತ್ರಿ ಅದರ ಅರ್ಧದಷ್ಟು. ಮೈ 95ಕ್ಕಿಂತ ತಣ್ಣಗಾದರೆ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹಾಲು ಹಾಕಿದರೆ ಅದು ಹೊಟ್ಟೆಯಲ್ಲೇ ನಿಂತು ಉಬ್ಬರಿಸುತ್ತದೆ, ಇಲ್ಲವೇ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಣ್ಣಗಾದ ಮರಿ ಸಿಕ್ಕರೆ ಮೊದಲು ಬಿಸಿ, ಆಮೇಲೆ ಹಾಲು. ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ, ಇಲ್ಲವೇ ಅಂಗಿಯೊಳಗೆ ಮೈಗೆ ತಾಗಿಸಿ, ಒಂದರಿಂದ ಮೂರು ಗಂಟೆಯಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಿ. ಬಿಸಿನೀರ ಸ್ನಾನ, ಹೇರ್ ಡ್ರೈಯರ್ ಬೇಡ. ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಬಿಸಿ ಇರಲಿ. ಮರಿಗಳು ಒಂದರ ಮೇಲೊಂದು ಬಿದ್ದು ಅಳುತ್ತಿದ್ದರೆ ಚಳಿ, ದೂರ ದೂರ ಚದುರಿ ಬಾಯಿ ತೆರೆದಿದ್ದರೆ ಸೆಕೆ.

ತಟ್ಟೆಯ ಹಾಲು ಕಣ್ಣು ಬಿಡದ ಮರಿಗೆ ಕುಡಿಯಲಾಗದು. ಕಣ್ಣು ತೆರೆಯುವುದೇ 10ರಿಂದ 14 ದಿನಕ್ಕೆ. ಸಾಲದ್ದಕ್ಕೆ ನಾಯಿಹಾಲಿನಲ್ಲಿ ಕೊಬ್ಬು, ಪ್ರೋಟೀನು ಹಸುವಿನ ಹಾಲಿನ ಸುಮಾರು ಎರಡರಷ್ಟು, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಕಡಿಮೆ. ಹಸುವಿನ ಹಾಲು ಕೊಟ್ಟರೆ ಪೋಷಣೆ ಅರೆಬರೆ, ಭೇದಿ ಪೂರ್ತಿ. ನಾಯಿಮರಿಗೆಂದೇ ಸಿಗುವ ಹಾಲಿನ ಪುಡಿ ತಂದು, ಪೊಟ್ಟಣದ ಮೇಲಿನ ಅಳತೆಯಂತೆ ಕಲಸಿ, ಉಗುರುಬೆಚ್ಚಗೆ, ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ 4 ಮಿಲಿಲೀಟರ್ ಮೀರದಂತೆ ಕೊಡಿ. ಮರಿ ಹೊಟ್ಟೆಯ ಮೇಲೇ ಮಲಗಿರಬೇಕು. ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಿದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಸಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟೆಯ ಕೆಳಭಾಗ ಒರೆಸಿ ಮಲಮೂತ್ರ ಮಾಡಿಸುವುದೂ ನಿಮ್ಮದೇ ಕೆಲಸ. ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿಗೆ ಮಾತ್ರ ಬದಲಿಯಿಲ್ಲ.

ತಾಯಿ ಬಿಟ್ಟುಹೋಗಿದೆ ಎಂದು ಮರಿ ತರುವವರೂ ಹೆಚ್ಚಿನ ಸಲ ಅನಾಥವಲ್ಲದ ಮರಿಯನ್ನೇ ತಂದಿರುತ್ತಾರೆ. ತಾಯಿ ಆಹಾರಕ್ಕೆ ಹೋಗಿರುತ್ತದೆ, ನೀವು ಅಲ್ಲೇ ನಿಂತಿರುವವರೆಗೆ ಹತ್ತಿರ ಬರುವುದಿಲ್ಲ. ಮರಿಗಳ ಹೊಟ್ಟೆ ದುಂಡಗಿದ್ದು ಸುಮ್ಮನೆ ಮಲಗಿದ್ದರೆ ಹಾಲು ಸಿಗುತ್ತಿದೆ. ಗೂಡಿನ ಸುತ್ತ ಜರಡಿ ಹಿಡಿದ ಮಣ್ಣು ಉದುರಿಸಿ, ದೂರ ಹೋಗಿ, ಮೂರು ನಾಲ್ಕು ಗಂಟೆ ಬಿಟ್ಟು ಹೆಜ್ಜೆ ಗುರುತು ನೋಡಿ. ಅಕ್ಕಿಹಿಟ್ಟು ಬೇಡ, ಇರುವೆ ಮುತ್ತುತ್ತದೆ. ಮರಿ ತಣ್ಣಗಿದ್ದರೆ, ಎಡೆಬಿಡದೆ ಅಳುತ್ತಿದ್ದರೆ, ಇರುವೆ ಹತ್ತಿದ್ದರೆ ಕಾಯಬೇಡಿ.

ಗೂಡು ಬದಲಿಸಲೇಬೇಕಾದರೆ ಹತ್ತಿಪ್ಪತ್ತು ಮೀಟರಿನೊಳಗೆ, ತಾಯಿಗೆ ಕಾಣುವ ಜಾಗ ಹುಡುಕಿ. ದಿನಾ ಅನ್ನ ಹಾಕುವವರು ತಾಯಿಯನ್ನು ಊಟಕ್ಕೆ ಕರೆದಾಗ ಇನ್ನೊಬ್ಬರು ಎಲ್ಲ ಮರಿಗಳನ್ನೂ ಹಳೆಯ ಹಾಸಿನ ಸಮೇತ ಒಂದೇ ಬುಟ್ಟಿಗೆ ಹಾಕಬೇಕು. ಒಂದೊಂದೇ ಒಯ್ದರೆ ತಾಯಿ ಎರಡು ಕಡೆಗೂ ಓಡಾಡಿ ಕೆರಳುತ್ತದೆ. ಬುಟ್ಟಿ ಇಳಿಸಿ ದೂರ ಸರಿದು, ಮರಿಗಳ ಸದ್ದು ಕೇಳಿ ಅದೇ ಬರಲಿ. ಕೊನೆಗೆ ಹಳೆಯ ಜಾಗದಲ್ಲಿ ಟಾರ್ಚು ಬಿಟ್ಟು ನೋಡಿ, ಇಟ್ಟಿಗೆಯ ಸಂದಿನಲ್ಲಿ ಒಂದು ಮರಿ ಉಳಿದಿರುವುದು ಅಪರೂಪವಲ್ಲ.

ಕಚ್ಚಿಸಿಕೊಂಡವರು “ಮರಿ ಇದೆ ಅಂತ ಕಚ್ಚಿತು, ಹುಚ್ಚಲ್ಲ” ಎಂದು ಸುಮ್ಮನಾಗುತ್ತಾರೆ. ಈ ಇಡೀ ಬರಹದಲ್ಲಿ ಪ್ರಾಣ ಹೋಗುವ ತಪ್ಪು ಇದು. ಗಾಯವನ್ನು ನಲ್ಲಿಯ ಕೆಳಗೆ ಸೋಪು ಹಚ್ಚಿ 15 ನಿಮಿಷ, ಗಡಿಯಾರ ನೋಡಿಕೊಂಡು ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ, ಕಾಫಿಪುಡಿ ಏನೂ ಬೇಡ. ಅಂದೇ ರೇಬೀಸ್ ಲಸಿಕೆ ಶುರುವಾಗಬೇಕು. ಚರ್ಮದೊಳಗೆ ಕೊಡುವುದಾದರೆ 0 (ಮೊದಲ ಚುಚ್ಚುಮದ್ದಿನ ದಿನ), 3, 7, 28ನೇ ದಿನ, ಸ್ನಾಯುವಿಗಾದರೆ 14ನೆಯ ದಿನವೂ ಸೇರುತ್ತದೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಕೂಡ ಹಾಕಿಸಬೇಕು, ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿಕೊಳ್ಳಿ. ನಾಯಿಯನ್ನು 10 ದಿನ ಗಮನಿಸುವುದು ಸರಿ, ಅದಕ್ಕಾಗಿ ಲಸಿಕೆ ಕಾಯುವುದು ಸರಿಯಲ್ಲ. ಒಂದು ತಿಂಗಳ ಬೀದಿಮರಿ ಆಟದಲ್ಲಿ ಹಲ್ಲು ತಾಗಿಸಿದರೂ, ಪರಚಿದರೂ ಇದೇ ನಿಯಮ.

ಸಾಕುನಾಯಿ ಮೊದಲ ವಾರ ಮುಟ್ಟಲು ಬಿಟ್ಟು, ಎರಡು ಮೂರನೇ ವಾರದಲ್ಲಿ ಇದ್ದಕ್ಕಿದ್ದಂತೆ ಗುರುಗುಟ್ಟತೊಡಗಿದರೆ ಅದನ್ನು ತಾಯ್ತನದ ಲೆಕ್ಕಕ್ಕೆ ಹಾಕಬೇಡಿ. ಮೊಲೆ ಗಟ್ಟಿಯಾಗಿ ಬಿಸಿಯಾಗಿದೆಯೇ, ಯೋನಿಸ್ರಾವ ಕೊಳೆತ ವಾಸನೆ ಬರುತ್ತಿದೆಯೇ ನೋಡಿ. ಚಿಕ್ಕ ತಳಿಯ, ಹೆಚ್ಚು ಮರಿ ಹಾಕಿದ ನಾಯಿ ಏದುಸಿರು ಬಿಡುತ್ತಾ ಕೂತಲ್ಲಿ ಕೂರದೆ, ಕಾಲು ಸೆಟೆದು ನಡುಗುತ್ತಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿದಿರಬಹುದು. ಬಸಿರಿನಲ್ಲಿ ಯಾರೋ ಹೇಳಿದರೆಂದು ಕ್ಯಾಲ್ಸಿಯಂ ಟಾನಿಕ್ ಹಾಕಿದ್ದರೆ ಈ ಅಪಾಯ ಹೆಚ್ಚು. ಮನೆಮದ್ದಿಗೆ ಬಗ್ಗುವುದಲ್ಲ, ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋಗಬೇಕು, ಅದನ್ನು ವೈದ್ಯರೇ ಹೃದಯಬಡಿತ ನೋಡುತ್ತಾ ಕೊಡಬೇಕು. ಮರಿಗಳಿಗೆ ಮೊಲೆ ಬಿಡಿಸಿ, ತಾಯಿಯನ್ನು ರಾತ್ರಿಯಾದರೂ ಸರಿ ಆಗಲೇ ಕರೆದೊಯ್ಯಿರಿ. ಮರಿಗಳಿಗೆ ಅಷ್ಟು ಹೊತ್ತು ಬಿಸಿನೀರಿನ ಬಾಟಲಿ ಮತ್ತು ಪುಡಿಹಾಲು ಸಾಕು.