ತಾರೀಖು ಸಿಗುತ್ತದೆ, ಕಾರಣ ಸಿಗುವುದಿಲ್ಲ: ಕೋರ್ಟುಗಳ ಆನ್‌ಲೈನ್ ಸೇವೆ ಹೇಗಿದೆ?

ಸರ್ಕಾರದ ಆದೇಶವೊಂದರ ವಿರುದ್ಧ ರಿಟ್ ಹಾಕಿದ ಸುದ್ದಿ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ. ನೋಟಿಸ್ ಜಾರಿಯಾದ ಸುದ್ದಿ ಒಳಪುಟಕ್ಕೆ ಸರಿಯುತ್ತದೆ. ಆಮೇಲೆ ಆ ಕೇಸು ಏನಾಯಿತು ಎಂದು ತಿಳಿಯಬೇಕಾದರೆ ಮೊದಲೆಲ್ಲ ಪರಿಚಯದ ವಕೀಲರೇ ಗತಿ. ಈಗ ಅದೇ ಕೆಲಸಕ್ಕೆ ಇ-ಕೋರ್ಟ್ಸ್ ಸರ್ವೀಸಸ್ ಆಪ್, ಸುಪ್ರೀಂ ಕೋರ್ಟಿನ ವೆಬ್‌ಸೈಟ್, ಕಲಾಪದ ನೇರ ಪ್ರಸಾರ, ತೀರ್ಪುಗಳ ಇ-ಎಸ್‌ಸಿಆರ್ ಕಣಜ ಎಲ್ಲ ಇವೆ. ಎಲ್ಲವೂ ಉಚಿತ. ಇಲ್ಲಿ ಅಳೆಯುತ್ತಿರುವುದು ಕಕ್ಷಿದಾರರಿಗೆ ಇವು ಎಷ್ಟು ಅನುಕೂಲ ಎಂಬುದನ್ನಲ್ಲ. ಸರ್ಕಾರ ಎಲ್ಲೆ ಮೀರಿದಾಗ ಕೋರ್ಟು ಏನು ಮಾಡಿತು, ಕೋರ್ಟಿನ ಮೇಲೆಯೇ ಸರ್ಕಾರದ ಕೈ ಎಷ್ಟು ಬಿತ್ತು ಎಂದು ಗಮನಿಸುವ ನಾಗರಿಕರಿಗೆ ಇವು ಎಷ್ಟು ಉಪಯೋಗ ಎಂಬುದನ್ನು.

ಮೊದಲು ಆಪ್. ಜಿಲ್ಲಾ ಕೋರ್ಟುಗಳು ಮತ್ತು ಹೈಕೋರ್ಟುಗಳು ಇದರೊಳಗಿವೆ, ಸುಪ್ರೀಂ ಕೋರ್ಟ್ ಇಲ್ಲ. ತೆರೆದ ಕೂಡಲೇ ಹೈಕೋರ್ಟೋ ಜಿಲ್ಲಾ ಕೋರ್ಟೋ ಎಂದು ಆರಿಸಬೇಕು. ಇದನ್ನು ಗಮನಿಸದೆ ಹುಡುಕಿ 'ದಾಖಲೆ ಇಲ್ಲ' ಎಂದು ಕೈಚೆಲ್ಲುವವರೇ ಹೆಚ್ಚು. ಕೇಸಿನ ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಕೆಲಸ ಅರ್ಧ ನಿಮಿಷದ್ದು. ಅದು 16 ಅಕ್ಷರ-ಅಂಕಿಗಳ ಗುರುತು: ಆರಂಭದಲ್ಲಿ ರಾಜ್ಯ ಮತ್ತು ಕೋರ್ಟಿನ ಸಂಕೇತ, ನಡುವೆ ಕೇಸಿನ ಕ್ರಮಾಂಕ, ಕೊನೆಯ 4 ಅಂಕಿ ವರ್ಷ. ಗೊತ್ತಿಲ್ಲದಿದ್ದರೆ ಕಕ್ಷಿದಾರರ ಹೆಸರಿನಿಂದ ಹುಡುಕಬೇಕು. ಆಗ 'ಸ್ಟೇಟ್ ಆಫ್ ಕರ್ನಾಟಕ' ಎಂದು ಕೊಟ್ಟರೆ ಸಮುದ್ರದಲ್ಲಿ ಸೂಜಿ ಹುಡುಕಿದ ಹಾಗೆ. ಸರ್ಕಾರದ ಎದುರು ನಿಂತ ಅರ್ಜಿದಾರರ ಹೆಸರನ್ನೇ ಕೊಡಬೇಕು. ಇಂಗ್ಲಿಷ್ ಸ್ಪೆಲಿಂಗ್ ಒಂದೊಂದು ಕಡೆ ಒಂದೊಂದು ತರಹ ಇರುವುದರಿಂದ ಪೂರ್ತಿ ಹೆಸರಿಗಿಂತ ಮೊದಲ ನಾಲ್ಕೈದು ಅಕ್ಷರ ಸಾಕು, ಜೊತೆಗೆ ವರ್ಷ. ನಮ್ಮ ಹೈಕೋರ್ಟಿನದಾದರೆ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಯಾವುದು ಎಂದೂ ಹೇಳಬೇಕು.

ಸಿಕ್ಕ ಕೇಸನ್ನು 'ಮೈ ಕೇಸಸ್' ಪಟ್ಟಿಗೆ ಸೇರಿಸಿದರೆ ಮುಂದಿನ ವಾಯಿದೆ ತಾನಾಗಿ ಕಾಣುತ್ತದೆ. ಆದರೆ ಆ ಪಟ್ಟಿ ಉಳಿಯುವುದು ಫೋನಿನಲ್ಲಿ ಮಾತ್ರ. ಫೋನ್ ಬದಲಿಸುವ ಮುಂಚೆ ಎಕ್ಸ್‌ಪೋರ್ಟ್ ಒತ್ತಿ ಫೈಲ್ ತೆಗೆದಿಟ್ಟುಕೊಳ್ಳದಿದ್ದರೆ ಎಲ್ಲ ಮೊದಲಿಂದ ಶುರು.

ಸುಪ್ರೀಂ ಕೋರ್ಟಿನ ವೆಬ್‌ಸೈಟ್ ಬೇರೆಯೇ ಲೋಕ. ಇಲ್ಲಿ ಅರ್ಜಿ ಸಲ್ಲಿಸಿದ ದಿನವೇ ಸಿಗುವುದು ಡೈರಿ ಸಂಖ್ಯೆ. ಕೋರ್ಟಿನ ಕಚೇರಿಯಾದ ರಿಜಿಸ್ಟ್ರಿಯ ಆಕ್ಷೇಪಣೆಗಳನ್ನು ಸರಿಪಡಿಸಿದ ಮೇಲೆ ರಿಟ್ ಪಿಟಿಷನ್, ಎಸ್‌ಎಲ್‌ಪಿ (ಮೇಲ್ಮನವಿಗೆ ವಿಶೇಷ ಅನುಮತಿ ಕೋರುವ ಅರ್ಜಿ) ಎಂಬ ಹೆಸರಿನ ಕೇಸ್ ಸಂಖ್ಯೆ ಬರುತ್ತದೆ. ಹೊಸ ಕೇಸನ್ನು ಕೇಸ್ ಸಂಖ್ಯೆಯಲ್ಲಿ ಹುಡುಕಿ ಸಿಗದಿದ್ದರೆ ಡೈರಿ ಸಂಖ್ಯೆಯಲ್ಲಿ ನೋಡಿ, 'ಡಿಫೆಕ್ಟ್ಸ್' ಎಂಬ ಭಾಗ ತೆರೆಯಿರಿ. ಅರ್ಜಿ ಅಲ್ಲೇ ಕುಂಟುತ್ತಿರುತ್ತದೆ. 'ಟ್ಯಾಗ್ಡ್ ಮ್ಯಾಟರ್ಸ್' ಭಾಗವನ್ನಂತೂ ಬಿಡಲೇಬಾರದು. ಒಂದೇ ಕಾನೂನನ್ನು ಪ್ರಶ್ನಿಸಿ ಹತ್ತಾರು ಅರ್ಜಿಗಳು ಬಂದಾಗ ಒಂದನ್ನು ಮುಖ್ಯ ಕೇಸು ಮಾಡಿ ಉಳಿದವನ್ನು ಅದಕ್ಕೆ ಕಟ್ಟುತ್ತಾರೆ. ಆದೇಶಗಳೆಲ್ಲ ಮುಖ್ಯ ಕೇಸಿನ ಖಾತೆಗೆ ಹೋಗುವುದರಿಂದ, ಕಟ್ಟಿದ ಕೇಸನ್ನು ಮಾತ್ರ ನೋಡುವವರಿಗೆ ಏನೂ ನಡೆದೇ ಇಲ್ಲ ಎಂಬ ಭ್ರಮೆ ಬರುತ್ತದೆ.

ಉದಾಹರಣೆಗೆ, ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ಯೋಜನೆಯ ಕೇಸು: ರಿಟ್ ಪಿಟಿಷನ್ (ಸಿವಿಲ್) 880/2017. ಆದೇಶಗಳ ಪಟ್ಟಿ ತೆರೆದರೆ 2019ರ ಏಪ್ರಿಲ್ 12ರ ಮಧ್ಯಂತರ ಆದೇಶ ಸಿಗುತ್ತದೆ, 2024ರ ಫೆಬ್ರುವರಿ 15ರಂದು ಐವರ ಪೀಠ ಯೋಜನೆಯನ್ನೇ ರದ್ದು ಮಾಡಿದ ತೀರ್ಪೂ ಸಿಗುತ್ತದೆ. ಅಷ್ಟರಲ್ಲಿ 30 ಕಂತುಗಳಲ್ಲಿ ₹16,518 ಕೋಟಿ ಮೌಲ್ಯದ ಬಾಂಡುಗಳು ಮಾರಾಟವಾಗಿ ಆಗಿತ್ತು. ನಡುವಿನ ವರ್ಷಗಳಲ್ಲಿ ಕೇಸು ಯಾಕೆ ಹಾಗೆ ಮಲಗಿತ್ತು ಎಂಬುದಕ್ಕೆ ಮಾತ್ರ ಈ ಪುಟದಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ. ಈ ಸೇವೆಯ ದೊಡ್ಡ ಕೊರತೆ ಇದೇ. ನಡೆದದ್ದೆಲ್ಲ ಕಾಣುತ್ತದೆ, ನಡೆಯದೆ ಉಳಿದದ್ದರ ಕಾರಣ ಕಾಣುವುದಿಲ್ಲ.

ಕಾಸ್ ಲಿಸ್ಟ್, ಅಂದರೆ ಆಯಾ ದಿನ ವಿಚಾರಣೆಗೆ ಬರುವ ಕೇಸುಗಳ ಪಟ್ಟಿ, ನೋಡಲು ಬಂದರೆ ಇದು ಇನ್ನೂ ಸ್ಪಷ್ಟ. ಕೇಸಿನ ಪುಟದಲ್ಲಿ ಕಾಣುವ ಮುಂದಿನ ತಾರೀಖಿನ ಪಕ್ಕದಲ್ಲಿ ಅದು ಕಂಪ್ಯೂಟರ್ ಹಾಕಿದ ಅಂದಾಜು ಎಂದು ಬರೆದಿರುತ್ತದೆ. ಅದನ್ನು ನಂಬಿ ದೆಹಲಿಗೆ ಟಿಕೆಟ್ ಮಾಡಿಸಬೇಡಿ. ಅಡ್ವಾನ್ಸ್ ಲಿಸ್ಟ್ ಮೊದಲು ಬರುತ್ತದೆ, ಆಮೇಲೆ ಮೇನ್ ಲಿಸ್ಟ್, ಕೊನೆಗೆ ಸಪ್ಲಿಮೆಂಟರಿ. ಸಪ್ಲಿಮೆಂಟರಿ ಬರುವವರೆಗೆ ಯಾವುದೂ ಖಚಿತವಲ್ಲ. ಸೋಮವಾರ, ಶುಕ್ರವಾರ ಸಾಮಾನ್ಯವಾಗಿ ಹೊಸ ಕೇಸುಗಳ ದಿನ. ಕೋರ್ಟಿನ ಮುಂದೆ ಅರವತ್ತು ಎಪ್ಪತ್ತು ಐಟಂ ಇದ್ದರೆ ಕೊನೆಯವು ಕರೆಯದೆಯೇ ಸಂಜೆಯಾಗುವುದುಂಟು.

ಪಟ್ಟಿಗೆ ಬರಬೇಕಾದ ಕೇಸು ಬರದೇ ಹೋದರೆ? ಬೆಂಗಳೂರಿನವರಿಗೆ ಮರೆಯಬಾರದ ಉದಾಹರಣೆ ಇದೆ. ನ್ಯಾಯಮೂರ್ತಿಗಳ ನೇಮಕಕ್ಕೆ ಕೊಲಿಜಿಯಂ (ಹಿರಿಯ ನ್ಯಾಯಮೂರ್ತಿಗಳ ಮಂಡಳಿ) ಮಾಡಿದ ಶಿಫಾರಸುಗಳನ್ನು ಕೇಂದ್ರ ಸರ್ಕಾರ ಕಟ್ಟಿಟ್ಟು ಕೂತಿದೆ ಎಂದು ಬೆಂಗಳೂರು ವಕೀಲರ ಸಂಘ ನ್ಯಾಯಾಂಗ ನಿಂದನೆ ಅರ್ಜಿ ಹಾಕಿತ್ತು: ಕಂಟೆಂಪ್ಟ್ ಪಿಟಿಷನ್ (ಸಿವಿಲ್) 867/2021. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ಪೀಠ ಇದನ್ನು ಕೇಳುತ್ತಿತ್ತು. 2023ರ ಡಿಸೆಂಬರ್ 5ಕ್ಕೆ ವಾಯಿದೆ ಕೊಟ್ಟಿದ್ದರೂ ಆ ದಿನದ ಪಟ್ಟಿಯಲ್ಲಿ ಕೇಸು ಇರಲಿಲ್ಲ. ವಕೀಲರು ಕೇಳಿದಾಗ, ತಾವು ಅದನ್ನು ತೆಗೆಸಿಲ್ಲ ಎಂದು ನ್ಯಾಯಮೂರ್ತಿಗಳೇ ಬಹಿರಂಗವಾಗಿ ಹೇಳಿದರು. ಅದೇ ತಿಂಗಳು ಅವರು ನಿವೃತ್ತರಾದರು. ಇಂಥ ಹೊತ್ತಿನಲ್ಲಿ ವೆಬ್‌ಸೈಟ್ ಏನು ತೋರಿಸಬೇಕು? 'ಇಂಥ ದಿನ ಪಟ್ಟಿಯಲ್ಲಿತ್ತು, ಇಂಥವರ ಸೂಚನೆಯಂತೆ ತೆಗೆಯಲಾಯಿತು' ಎಂಬ ಒಂದು ಸಾಲು. ಅಂಥ ಅಂಕಣವೇ ಇಲ್ಲ. ಯಾವ ಕೇಸು ಯಾವ ಪೀಠಕ್ಕೆ ಎಂದು ತೀರ್ಮಾನಿಸುವ ರೋಸ್ಟರ್ ಅಧಿಕಾರ ಮುಖ್ಯ ನ್ಯಾಯಮೂರ್ತಿಯದು. 2018ರ ಜನವರಿ 12ರಂದು ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪತ್ರಿಕಾಗೋಷ್ಠಿ ಕರೆದು ದೂರಿದ್ದೂ ಈ ಕೇಸು ಹಂಚಿಕೆಯ ಬಗ್ಗೆಯೇ. ರೋಸ್ಟರನ್ನು ವಿಷಯವಾರು ವೆಬ್‌ಸೈಟಿನಲ್ಲಿ ಹಾಕಲು ಶುರುಮಾಡಿದ್ದು ಅದರ ನಂತರ. ಅಷ್ಟು ಲಾಭವಾದರೂ ಆಯಿತು.

ನೇಮಕಾತಿಯ ಭಾಗ ಇದಕ್ಕಿಂತ ಉತ್ತಮ. ಕೊಲಿಜಿಯಂ ನಿರ್ಣಯಗಳು 2017ರ ಅಕ್ಟೋಬರ್‌ನಿಂದ ವೆಬ್‌ಸೈಟಿನಲ್ಲಿವೆ. ಬಳಸುವ ಕ್ರಮ ಹೀಗೆ. ನಿರ್ಣಯದ ತಾರೀಖು ಬರೆದುಕೊಳ್ಳಿ. ಕೇಂದ್ರದ ನ್ಯಾಯ ಇಲಾಖೆಯ ವೆಬ್‌ಸೈಟಿನಲ್ಲಿ ಅದೇ ಹೆಸರಿನ ನೇಮಕಾತಿ ಅಧಿಸೂಚನೆ ಇದೆಯೇ ನೋಡಿ. ಇದ್ದರೆ ನಡುವಿನ ದಿನ ಲೆಕ್ಕ ಹಾಕಿ. ಇಲ್ಲದಿದ್ದರೆ ಆ ಹೆಸರನ್ನು ಕೊಲಿಜಿಯಂ ಮತ್ತೆ ಕಳಿಸಿದೆಯೇ ಎಂದು ಹುಡುಕಿ. ಕೊಲಿಜಿಯಂ ಒಮ್ಮತದಿಂದ ಪುನರುಚ್ಚರಿಸಿದರೆ 3-4 ವಾರಗಳಲ್ಲಿ ನೇಮಕ ಆಗಬೇಕು ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 20ರ ಆದೇಶದಲ್ಲಿ ಹೇಳಿದೆ; ನಿಮ್ಮ ಅಳತೆಗೋಲು ಅದೇ. ಒಂದೇ ನಿರ್ಣಯದ ಐದು ಹೆಸರುಗಳಲ್ಲಿ ಮೂರಕ್ಕೆ ಅಧಿಸೂಚನೆ ಬಂದು ಎರಡು ಉಳಿದಿದ್ದರೆ, ಸೇವಾ ಹಿರಿತನ ಏರುಪೇರಾಗುತ್ತದೆ. ಮುಂದೆ ಯಾರು ಮುಖ್ಯ ನ್ಯಾಯಮೂರ್ತಿ ಆಗುತ್ತಾರೆ ಎಂಬುದು ಹಿರಿತನದ ಮೇಲೆ ನಿಂತಿರುವುದರಿಂದ ಇದು ಸಣ್ಣ ವಿಷಯವಲ್ಲ. 2025ರ ಮೇ 5ರಂದು ನ್ಯಾಯಮೂರ್ತಿಗಳ ಆಸ್ತಿ ವಿವರದ ಜೊತೆ ಹಿಂದಿನ ಎರಡೂವರೆ ವರ್ಷದ ಶಿಫಾರಸುಗಳ ಪಟ್ಟಿಯನ್ನೂ ಪ್ರಕಟಿಸಿದ್ದು ಈ ಹೋಲಿಕೆಯನ್ನು ಸುಲಭ ಮಾಡಿದೆ.

ವರ್ಗಾವಣೆಯ ನಿರ್ಣಯಗಳು ಮಾತ್ರ ನಿರಾಸೆ. 'ನ್ಯಾಯದಾನದ ಉತ್ತಮ ಆಡಳಿತಕ್ಕಾಗಿ' ಎಂಬ ಒಂದೇ ಸಾಲು, ಅಷ್ಟೇ. ಕರ್ನಾಟಕಕ್ಕೆ ವರ್ಗಾವಣೆಯ ನೆನಪು ಕಹಿಯಾದದ್ದು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರ ಅರ್ಜಿಗಳನ್ನು ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. 1976ರಲ್ಲಿ ಒಪ್ಪಿಗೆ ಕೇಳದೆ ವರ್ಗ ಮಾಡಿದ 16 ನ್ಯಾಯಮೂರ್ತಿಗಳಲ್ಲಿ ಇಲ್ಲಿಂದ ಅಲಹಾಬಾದಿಗೆ ಹೋದ ಡಿ.ಎಂ. ಚಂದ್ರಶೇಖರ್ ಸೇರಿದ್ದರು. ಆಗ ಆದೇಶ ಹೊರಡಿಸಿದ್ದು ಸರ್ಕಾರ, ಈಗ ಶಿಫಾರಸು ಮಾಡುವುದು ಕೊಲಿಜಿಯಂ. ಓದುಗನಿಗೆ ಸಿಗುವ ಕಾರಣ ಆಗಲೂ ಇಲ್ಲ, ಈಗಲೂ ಇಲ್ಲ. ಕೊಲಿಜಿಯಂ ಸಭೆಯ ಚರ್ಚೆಯ ವಿವರ ಕೇಳಿದ ಮಾಹಿತಿ ಹಕ್ಕು ಅರ್ಜಿಯೂ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲೇ ವಜಾ ಆಯಿತು.

ನೇರ ಪ್ರಸಾರಕ್ಕೆ ಹೆಚ್ಚು ಅಂಕ ಕೊಡಬಹುದು. 2018ರ ತೀರ್ಪು ದಾರಿ ಮಾಡಿಕೊಟ್ಟರೂ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠಗಳ ಪ್ರಸಾರ ಶುರುವಾಗಲು 2022ರ ಸೆಪ್ಟೆಂಬರ್ 27 ಬರಬೇಕಾಯಿತು. ದಿನವಿಡೀ ಕೂತು ನೋಡುವ ತಾಳ್ಮೆ ಇಲ್ಲದವರಿಗೆ ಸಂವಿಧಾನ ಪೀಠದ ವಾದಗಳ ಲಿಖಿತ ರೂಪ 2023ರ ಫೆಬ್ರುವರಿಯಿಂದ ಸಿಗುತ್ತಿದೆ. ಸರ್ಕಾರದ ವಕೀಲರು ಕೋರ್ಟಿನಲ್ಲಿ ನಿಜಕ್ಕೂ ಏನು ಒಪ್ಪಿಕೊಂಡರು ಎಂದು ನೋಡಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಯಂತ್ರ ಬರೆದ ಪಠ್ಯವಾದ್ದರಿಂದ ಹೆಸರು, ಸೆಕ್ಷನ್ ಸಂಖ್ಯೆಗಳಲ್ಲಿ ತಪ್ಪು ನುಸುಳುತ್ತದೆ, ವಿಡಿಯೊ ಜೊತೆ ತಾಳೆ ನೋಡಿಯೇ ಬಳಸಿ.

ನಮ್ಮ ಹೈಕೋರ್ಟಿನ ಪ್ರಸಾರ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ಅನುಮತಿಯಿಲ್ಲದೆ ರೆಕಾರ್ಡ್ ಮಾಡುವುದು, ತುಣುಕು ಹಂಚುವುದು ನಿಷಿದ್ಧ. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿಯೊಬ್ಬರ ಮಾತಿನ ತುಣುಕು ಹರಿದಾಡಿ ಸುಪ್ರೀಂ ಕೋರ್ಟ್ ಸ್ವಯಂ ಪ್ರೇರಿತವಾಗಿ ಕೈಗೆತ್ತಿಕೊಂಡಾಗ, ಪರಿಹಾರ ಇನ್ನಷ್ಟು ಬೆಳಕು, ಕಿಟಕಿ ಮುಚ್ಚುವುದಲ್ಲ ಎಂಬರ್ಥದ ಮಾತು ಅಲ್ಲಿಂದ ಬಂತು. ತುಣುಕೇ ಇಲ್ಲದಿದ್ದರೆ ವಿಷಯ ದೆಹಲಿವರೆಗೆ ಹೋಗುತ್ತಿತ್ತೇ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ತೀರ್ಪು ಓದಲು ಇ-ಎಸ್‌ಸಿಆರ್ ಚೆನ್ನಾಗಿದೆ. ಚುನಾವಣಾ ಬಾಂಡ್ ತೀರ್ಪಿಗೆ '2024 ಐಎನ್‌ಎಸ್‌ಸಿ 113' ಎಂದು ಹುಡುಕಿದರೆ ಸಾಕು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸಲಾಗದು ಎಂದ ಕೇಶವಾನಂದ ಭಾರತಿ ಪ್ರಕರಣಕ್ಕೆ, ಅಂದರೆ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಅರ್ಜಿಗೆ, 50 ವರ್ಷ ತುಂಬಿದಾಗ ಮಾಡಿದ ಪ್ರತ್ಯೇಕ ಪುಟವೂ ಇದೆ. ಅದನ್ನು ಓದುವಾಗ ತೀರ್ಪಿನ ಬೆನ್ನಿಗೇ, ಹಿರಿತನವಿದ್ದರೂ ಸರ್ಕಾರ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿಸಿದ ಮೂವರಲ್ಲಿ ನಮ್ಮ ಕೆ.ಎಸ್. ಹೆಗ್ಡೆ ಒಬ್ಬರು ಎಂಬುದು ನೆನಪಿರಲಿ. ಕನ್ನಡ ಅನುವಾದಗಳು ಆಯ್ದ ತೀರ್ಪುಗಳಿಗೆ ಮಾತ್ರ. ವಾಕ್ಯಗಳು ತಿಣುಕುತ್ತವೆ, ಅಧಿಕೃತ ಪಠ್ಯ ಇಂಗ್ಲಿಷಿನದೇ. ಉಲ್ಲೇಖಿಸುವಾಗ ಪ್ಯಾರಾ ಸಂಖ್ಯೆ ಇಂಗ್ಲಿಷ್ ಪ್ರತಿಯಿಂದ ಕೊಡಿ.

ನೀವು ಬೆನ್ನು ಹತ್ತಿದ ಕೇಸಿಗೆ ವಾಯಿದೆ ಇದ್ದರೆ ಹಿಂದಿನ ದಿನ ಸಂಜೆ ಮೇನ್ ಮತ್ತು ಸಪ್ಲಿಮೆಂಟರಿ ಎರಡೂ ಪಟ್ಟಿಗಳ ಪಿಡಿಎಫ್ ಇಳಿಸಿಡಿ. ಕೇಸಿನ ಪುಟದ ಸ್ಕ್ರೀನ್‌ಶಾಟನ್ನು ತಾರೀಖು, ಸಮಯ ಕಾಣುವಂತೆ ತೆಗೆಯಿರಿ. ವಾಯಿದೆ ಕೊಟ್ಟ ಹಿಂದಿನ ಆದೇಶದ ಪ್ರತಿಯನ್ನೂ ಅದೇ ಫೋಲ್ಡರಿಗೆ ಹಾಕಿ. ಬೆಳಿಗ್ಗೆ ಕೇಸು ಪಟ್ಟಿಯಿಂದ ಮಾಯವಾಗಿದ್ದರೆ, ನಿನ್ನೆ ಅದು ಅಲ್ಲಿತ್ತು ಎನ್ನಲು ಸಾಕ್ಷಿ ಆ ಮೂರೇ.