ಎಲೆಕ್ಟ್ರಾನಿಕ್ ಚೋಕ್ ಹಾಕಿ ನಾಲ್ಕು ವರ್ಷ: ಚೋಕ್ ಜೊತೆ ಹೋಲ್ಡರನ್ನೂ ಬದಲಿಸಿ

ನನ್ನ ಹೊಲಿಗೆ ಕೋಣೆಯಲ್ಲಿ 36 ವ್ಯಾಟಿನ ಮೂರು ಟ್ಯೂಬ್‌ಲೈಟ್ ಇವೆ. ಟ್ಯೂಬಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಭಾಗವೇ ಚೋಕ್. ನಾಲ್ಕು ವರ್ಷದ ಹಿಂದೆ ಮೂರರ ಹಳೇ ತಾಮ್ರದ ಚೋಕ್‌ಗಳನ್ನೂ ತೆಗೆದು ಎಲೆಕ್ಟ್ರಾನಿಕ್ ಚೋಕ್ ಹಾಕಿದೆ.

ಮೊದಲ ದಿನವೇ ಗೊತ್ತಾಗಿದ್ದು ಸದ್ದಿಲ್ಲ ಅನ್ನೋದು. ಹಳೇ ಚೋಕ್ ಸದಾ ಗುಂಯ್‌ಗುಡುತ್ತಿತ್ತು. 50 ಹರ್ಟ್ಜ್ ಕರೆಂಟಿನಲ್ಲಿ ಅದರ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅದರಿಂದ ಮಷೀನಿನ ಚಕ್ರ ಜೋರಾಗಿ ತಿರುಗುವಾಗ ಒಮ್ಮೊಮ್ಮೆ ನಿಧಾನಕ್ಕೆ ಹಿಂದಕ್ಕೆ ಹೋದ ಹಾಗೆ ಕಾಣುತ್ತಿತ್ತು. ಎಲೆಕ್ಟ್ರಾನಿಕ್ ಚೋಕ್ ಟ್ಯೂಬನ್ನು 20 ಕಿಲೋಹರ್ಟ್ಜ್‌ಗಿಂತ (ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ) ಮೇಲೆ ಓಡಿಸುತ್ತದೆ, ಹಾಗಾಗಿ ಆ ಭ್ರಮೆ ಹೋಯಿತು. ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಹೊಲಿಯುವವರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಒಂದು ಲೈಟ್ ಮಾತ್ರ ಹೊಸ ಚೋಕ್ ಹಾಕಿದರೂ ಮಿಣುಕುತ್ತಿತ್ತು. ಟ್ಯೂಬಿನ ತುದಿ ಹಿಡಿದು ಸ್ವಲ್ಪ ತಿರುಗಿಸಿದರೆ ಹತ್ತಿಕೊಳ್ಳುತ್ತಿತ್ತು, ಎರಡು ದಿನಕ್ಕೆ ಮತ್ತೆ ಅದೇ ಕಥೆ. ಚೋಕೇ ಕೆಟ್ಟದ್ದು ಅಂದುಕೊಂಡು ವಾಪಸ್ ಕೊಡಲು ಹೊರಟಿದ್ದೆ. ಕೊನೆಗೆ ಟ್ಯೂಬಿನ ತುದಿಯ ಪಿನ್‌ಗಳು ಕೂರುವ ಹೋಲ್ಡರ್ ಬಿಚ್ಚಿ ನೋಡಿದೆ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಒತ್ತಿದರೆ ಚೂರಾಯಿತು. ಒಳಗಿನ ಹಿತ್ತಾಳೆ ಎಲೆ ಸಡಿಲಾಗಿ, ಪಿನ್ ತಾಗುವ ಜಾಗದಲ್ಲಿ ಕಿಡಿ ಹಾರಿ ಸುಟ್ಟು ಕರಿ ಹಿಡಿದಿತ್ತು. ವರ್ಷಗಟ್ಟಲೆ ಶಾಖ ಮತ್ತು ಟ್ಯೂಬಿನ ಬೆಳಕು ತಿಂದ ಪ್ಲಾಸ್ಟಿಕ್ ಅದು, ಚೋಕಿನದೇನೂ ತಪ್ಪಿರಲಿಲ್ಲ. ಎರಡೂ ತುದಿಗೆ ಹೊಸ ಹೋಲ್ಡರ್ ಹಾಕಿದೆ. ಅಲ್ಲಿಂದ ಇಲ್ಲಿಯವರೆಗೆ ಆ ಲೈಟ್ ಒಮ್ಮೆಯೂ ಮಿಣುಕಿಲ್ಲ. ಹೋಲ್ಡರ್ ಕೊಳ್ಳುವಾಗ ತಿರುಗಿಸಿದರೆ ಟಕ್ ಅಂತ ಕೂರುವಂಥದ್ದನ್ನೇ ಆರಿಸಿ. ದಪ್ಪ ಟ್ಯೂಬಿನ ಪಿನ್‌ಗಳ ನಡುವೆ 13 ಮಿಲಿಮೀಟರ್, ಸಣ್ಣ ಟಿ5 ಟ್ಯೂಬಿಗೆ 5 ಮಿಲಿಮೀಟರ್. ಒಂದರದ್ದು ಇನ್ನೊಂದಕ್ಕೆ ಆಗಲ್ಲ.

ವೈರಿಂಗ್ ಕಷ್ಟವೇನಲ್ಲ, ಆದರೆ ಹಳೆಯದರ ಹಾಗಿಲ್ಲ. ನನ್ನ ಚೋಕಿನಲ್ಲಿ ಕರೆಂಟಿಗೆ ಎರಡು ವೈರ್, ಟ್ಯೂಬಿನ ಒಂದೊಂದು ತುದಿಗೆ ಎರಡೆರಡು. ಸ್ಟಾರ್ಟರ್ ಬೇಡ, ಅದರ ವೈರನ್ನೂ ಪೂರ್ತಿ ತೆಗೆಯಬೇಕು. ಚೋಕಿನ ಮೇಲೆ ಅಚ್ಚಾದ ಚಿತ್ರ ನೋಡಿಯೇ ಜೋಡಿಸಿ. ಗೋಡೆಯ ಸ್ವಿಚ್ ಆರಿಸಿದರೆ ಸಾಕು ಅಂತ ಸುಮ್ನೆ ಕೈ ಹಾಕಬೇಡಿ. ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ವೈರಿನ ಬದಲು ವಾಪಸ್ ಹೋಗುವ ನ್ಯೂಟ್ರಲ್ ವೈರಿಗೆ ಹಾಕಿದ್ದರೆ ಫಿಟ್ಟಿಂಗಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ.

ಮೂರರಲ್ಲಿ ಒಂದು ಚೋಕ್ ಹದಿನಾಲ್ಕೇ ತಿಂಗಳಿಗೆ ಹೋಯಿತು. ಬಿಚ್ಚಿದರೆ ಒಳಗಿನ ಕೆಪಾಸಿಟರ್ ಉಬ್ಬಿತ್ತು. ಅದೊಂದೇ ಗಾಳಿಯಾಡದ ಮುಚ್ಚಿದ ಫಿಟ್ಟಿಂಗಿನಲ್ಲಿದ್ದದ್ದು. ಈ ಚೋಕಿಗೆ ಶಾಖ ಆಗಿ ಬರಲ್ಲ. ಹಳೇ ತಾಮ್ರದ ಚೋಕ್ ಆ ಸೆಕೆಯನ್ನು ಎಷ್ಟೋ ವರ್ಷ ತಡೆದಿತ್ತು, ಅದನ್ನು ಒಪ್ಪಲೇಬೇಕು. ಅಲ್ಲಿ ಹೊಸ ಚೋಕ್ ಹಾಕಿ ಮುಚ್ಚಳ ತೆಗೆದಿಟ್ಟಿದ್ದೇನೆ, ಇನ್ನೂ ಚೆನ್ನಾಗಿದೆ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ನೀವು ಚೋಕ್ ತರುವಾಗ ಒಂದು ಜೊತೆ ಹೋಲ್ಡರನ್ನೂ ತಂದುಬಿಡಿ, ಏಣಿ ಎರಡು ಸಲ ಹತ್ತುವುದು ತಪ್ಪುತ್ತದೆ.