ಸೆಮ್‌ಗ್ರೆಪ್, ಕೋಡ್‌ಕ್ಯೂಎಲ್, ಸೋನಾರ್‌ಕ್ಯೂಬ್: ರಾಯಚೂರಿನ ಒಂದು ಸಣ್ಣ ತಂಡಕ್ಕೆ ಯಾವುದು ಹೊಂದಿತು

ರಾಯಚೂರಿನ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಗಳಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಹತ್ತಿ, ತೊಗರಿ, ಭತ್ತ ಯಾರಿಂದ ಎಷ್ಟು ಕ್ವಿಂಟಲ್ ಬಂತು, ಯಾವ ದರಕ್ಕೆ ಹೋಯಿತು, ಹಮಾಲಿ ಎಷ್ಟು, ರೈತನಿಗೆ ಕೊಟ್ಟ ಮುಂಗಡದಲ್ಲಿ ಬಾಕಿ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಹಲವು ಅಂಗಡಿಗಳ ಲೆಕ್ಕ ಒಂದೇ ಡೇಟಾಬೇಸ್‌ನಲ್ಲಿದೆ. ಹೊಸ ಅಂಗಡಿಗೆ ಹೋದಾಗ ಸಾವ್ಕಾರ್ರು ಮೊದಲು ಕೇಳುವುದು ಒಂದೇ: "ತಮ್ಮಾ, ನಮ್ಮ ಲೆಕ್ಕ ಪಕ್ಕದ ಅಂಗ್ಡಿಯವ್ರಿಗೆ ಕಾಣಂಗಿಲ್ಲ ಹೌದಿಲ್ಲೋ?" ಇದಕ್ಕೆ ಧೈರ್ಯವಾಗಿ "ಇಲ್ರೀ" ಅನ್ನಬೇಕಾದರೆ, ಕೋಡ್ ಓದಿ ನೋಡುವ ಕೆಲಸವನ್ನು ಸಂಜೆ ಹೊತ್ತಿಗೆ ದಣಿದ ಕಣ್ಣುಗಳಿಗೆ ಮಾತ್ರ ಬಿಡಲಾಗದು. ಪ್ರತಿ ಪುಲ್ ರಿಕ್ವೆಸ್ಟ್‌ಗೂ, ಅಂದರೆ ಹೊಸ ಕೋಡನ್ನು ಮುಖ್ಯ ಕೋಡಿಗೆ ಸೇರಿಸಿ ಎಂಬ ಪ್ರತಿ ಕೋರಿಕೆಗೂ, ತಾನಾಗಿ ಕೋಡ್ ಸ್ಕ್ಯಾನ್ ಆಗಬೇಕು ಎಂದುಕೊಂಡು ಮೂರು ಸಾಧನಗಳನ್ನು ನಮ್ಮದೇ ಕೋಡ್ ಮೇಲೆ ಓಡಿಸಿ ನೋಡಿದೆ.

ನಮ್ಮ ಕೋಡಿನ ಸ್ವರೂಪ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಯ್ಕೆಯನ್ನು ಅರ್ಧದಷ್ಟು ನಿರ್ಧರಿಸಿದ್ದು ಅದೇ. ಮುಖ್ಯ ಭಾಗ ಪಿಎಚ್‌ಪಿ ಭಾಷೆಯಲ್ಲಿ, ಅದರ ಲಾರಾವೆಲ್ ಎಂಬ ಚೌಕಟ್ಟಿನ ಮೇಲೆ. ಪರದೆಗಳು ಜಾವಾಸ್ಕ್ರಿಪ್ಟ್. ವೇಬ್ರಿಡ್ಜ್‌ನಿಂದ ತೂಕ ಓದಿಕೊಳ್ಳುವ ಪೈಥಾನ್ ಪ್ರೋಗ್ರಾಂ ಒಂದಿದೆ, ಅದನ್ನು ಎಲ್ಲರಿಗೂ ತೆರೆದಿಟ್ಟಿದ್ದೇವೆ. ಉಳಿದದ್ದೆಲ್ಲ ಕೋಡ್ ಇಡುವ ಗಿಟ್‌ಹಬ್ ಎಂಬ ತಾಣದಲ್ಲಿ ಖಾಸಗಿ ರೆಪೊ, ಅಂದರೆ ನಮಗಷ್ಟೇ ಕಾಣುವ ಕೋಡ್ ಭಂಡಾರ.

ಕೋಡ್‌ಕ್ಯೂಎಲ್‌ನಿಂದ ಶುರು ಮಾಡಿದೆ, ಏಕೆಂದರೆ ಅದು ಗಿಟ್‌ಹಬ್‌ನ ಮನೆಯದೇ. ಸೆಮ್ಲ್ ಎಂಬ ಕಂಪನಿಯನ್ನು ಗಿಟ್‌ಹಬ್ 2019ರಲ್ಲಿ ಕೊಂಡಾಗ ಬಂದ ತಂತ್ರಜ್ಞಾನ ಇದು. ಕೋಡನ್ನು ಬರೀ ಅಕ್ಷರಗಳಾಗಿ ನೋಡದೆ ಅದರಿಂದ ಒಂದು ಡೇಟಾಬೇಸ್ ಕಟ್ಟುತ್ತದೆ. ಹೊರಗಿನಿಂದ ಬಂದ ಮಾಹಿತಿ ಯಾವ ಫಂಕ್ಷನ್‌ಗೆ ಹೋಯಿತು, ಅಲ್ಲಿಂದ ಎಲ್ಲಿಗೆ ದಾಟಿತು, ಕೊನೆಗೆ ಅಪಾಯದ ಜಾಗಕ್ಕೆ ತಲುಪಿತೇ ಎಂದು ಹೆಜ್ಜೆ ಹಿಡಿದು ನೋಡುತ್ತದೆ. ತೆರೆದ ರೆಪೊಗೆ ಉಚಿತ. ಸೆಟ್ಟಿಂಗ್ಸ್‌ಗೆ ಹೋಗಿ ಡಿಫಾಲ್ಟ್ ಸೆಟಪ್ ಒತ್ತಿದರೆ ಸಾಕು, ಒಂದು ಸಾಲೂ ಬರೆಯಬೇಕಿಲ್ಲ.

ತೂಕದ ಪ್ರೋಗ್ರಾಂ ಮೇಲೆ ಅದು ಮಾಡಿದ ಕೆಲಸಕ್ಕೆ ನಾನು ನಿಜವಾಗಿ ತಲೆದೂಗಿದೆ. ಬ್ರೌಸರ್‌ನಿಂದ ಬಂದ ಫೈಲ್ ಹೆಸರೊಂದು ಒಂದು ಫೈಲಿನ ಫಂಕ್ಷನ್‌ನಲ್ಲಿ ಇಳಿದು, ಇನ್ನೊಂದು ಫೈಲಿಗೆ ದಾಟಿ, ಅಲ್ಲಿ ಯಾವ ತಪಾಸಣೆಯೂ ಇಲ್ಲದೆ ಡಿಸ್ಕಿನಿಂದ ಓದುವ ಜಾಗಕ್ಕೆ ಹೋಗುತ್ತಿತ್ತು. ಆ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಹೆಜ್ಜೆಯಾಗಿ ತೋರಿಸಿತು. ಅದೇ ಕೋಡ್ ಮೇಲೆ ಸೆಮ್‌ಗ್ರೆಪ್‌ನ ಉಚಿತ ಆವೃತ್ತಿ ಸುಮ್ಮನಿತ್ತು. ಅದರ ನೋಟ ಒಂದು ಫಂಕ್ಷನ್ನಿನ ಒಳಗಷ್ಟೇ, ಫೈಲಿನಿಂದ ಫೈಲಿಗೆ ಹಿಂಬಾಲಿಸುವ ಶಕ್ತಿ ಇರುವುದು ಹಣ ಕೊಡುವ ಆವೃತ್ತಿಯಲ್ಲಿ.

ಆದರೆ ನಮ್ಮ ಲೆಕ್ಕದ ಭಾಗಕ್ಕೆ ಕೋಡ್‌ಕ್ಯೂಎಲ್ ಬರಲೇ ಇಲ್ಲ. ಅದಕ್ಕೆ ಪಿಎಚ್‌ಪಿ ತಿಳಿಯದು. ಜಾವಾ, ಸಿ ಶಾರ್ಪ್, ಗೋ, ರೂಬಿ, ಪೈಥಾನ್, ಜಾವಾಸ್ಕ್ರಿಪ್ಟ್ ಎಲ್ಲ ಉಂಟು, ಪಿಎಚ್‌ಪಿ ಇಲ್ಲ. ನಮ್ಮ ಕಡೆಯ ಸಣ್ಣ ಕಂಪನಿಗಳ ಅರ್ಧಕ್ಕರ್ಧ ಕೆಲಸ ಪಿಎಚ್‌ಪಿಯಲ್ಲೇ ನಡೆಯುವಾಗ ಇದು ಸಣ್ಣ ಕೊರತೆಯಲ್ಲ. ಜಾವಾಸ್ಕ್ರಿಪ್ಟ್‌ಗಾದರೂ ಬಳಸೋಣವೆಂದರೆ, ಖಾಸಗಿ ರೆಪೊಗೆ ದುಡ್ಡು ಕೊಡಬೇಕು: ಕೋಡ್ ಸೆಕ್ಯುರಿಟಿ ಎಂಬ ಹೆಸರಿನಲ್ಲಿ 2025ರ ಏಪ್ರಿಲ್‌ನಿಂದ ಇಟ್ಟ ದರ, ಕೋಡ್ ಸೇರಿಸುವ ಪ್ರತಿಯೊಬ್ಬರಿಗೂ ತಿಂಗಳಿಗೆ 30 ಡಾಲರ್. ಬೆಂಗಳೂರಿನ ದೊಡ್ಡ ಕಂಪನಿಗೆ ಅದು ಲೆಕ್ಕಕ್ಕಿಲ್ಲದಿರಬಹುದು. ಗಂಜ್‌ನ ಅಂಗಡಿಗಳು ಕೊಡುವ ವಾರ್ಷಿಕ ಶುಲ್ಕದಲ್ಲಿ ಬದುಕುವ ತಂಡಕ್ಕೆ ಅದು ದೊಡ್ಡ ಮೊತ್ತ.

ಸೋನಾರ್‌ಕ್ಯೂಬ್‌ನ ಉಚಿತ ಆವೃತ್ತಿಗೆ ಪಿಎಚ್‌ಪಿ ಗೊತ್ತು. ಆದರೆ ಅದನ್ನು ನಾವೇ ಸಾಕಬೇಕು. ಜಾವಾ ಬೇಕು, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕು, ಒಳಗೆ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಎಂಜಿನ್ ಓಡುತ್ತದೆ, ಅದಕ್ಕಾಗಿ ಲಿನಕ್ಸ್ ಕರ್ನೆಲ್‌ನ ಒಂದು ಮಿತಿಯನ್ನು ಏರಿಸದಿದ್ದರೆ ಸರ್ವರ್ ಮೇಲೇಳುವುದೇ ಇಲ್ಲ. ಆಫೀಸಿನ ಯಂತ್ರದಲ್ಲಿ ಹಾಕಿದರೆ ಗಿಟ್‌ಹಬ್‌ನ ರನ್ನರ್ (ಸ್ಕ್ಯಾನ್ ಓಡಿಸುವ ವ್ಯವಸ್ಥೆ) ಹೊರಗಿನಿಂದ ಅದನ್ನು ಮುಟ್ಟಲಾರದು, ಹಾಗಾಗಿ ರನ್ನರ್ ಕೂಡ ಅದೇ ಯಂತ್ರದಲ್ಲಿ ಕೂರಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಲ್ಲಿ ಹಗಲೂ ರಾತ್ರಿ ಯಂತ್ರ ಓಡಿಸುವುದೇ ಒಂದು ಚಿಂತೆ. ಕರೆಂಟು ಹೋಗಿ ಬಂದು ಸರ್ವರ್ ಮತ್ತೆ ಎದ್ದು ನಿಲ್ಲುವವರೆಗೆ ಪುಲ್ ರಿಕ್ವೆಸ್ಟ್‌ಗಳೆಲ್ಲ ಕಾಯುತ್ತವೆ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ: ಉಚಿತ ಆವೃತ್ತಿ ಮುಖ್ಯ ಬ್ರಾಂಚನ್ನು ಮಾತ್ರ ನೋಡುತ್ತದೆ. ಪುಲ್ ರಿಕ್ವೆಸ್ಟ್‌ಗೆ ಬೇಕಾದ ಆವೃತ್ತಿ ಹಣದ್ದು. ಅಂದರೆ ತಪ್ಪು ಒಳಗೆ ಸೇರಿದ ಮೇಲೆ ತಿಳಿಯುತ್ತದೆ. ಎಸ್‌ಕ್ಯೂಎಲ್ ಇಂಜೆಕ್ಷನ್‌ನಂಥದ್ದನ್ನು (ಡೇಟಾಬೇಸ್‌ಗೆ ಹೋಗುವ ಪ್ರಶ್ನೆಯೊಳಗೆ ಹೊರಗಿನವರು ತಮ್ಮ ಆಜ್ಞೆ ತೂರಿಸುವುದು) ದಾರಿ ಹಿಡಿದು ಹುಡುಕುವ ನಿಯಮಗಳೂ ಹಣದ ಆವೃತ್ತಿಯಲ್ಲೇ ಇವೆ. ನನಗೆ ಬೇಕಾದ ಕಾವಲು ಇದಲ್ಲ. ಹಾಗೆಂದು ಅದನ್ನು ತೆಗೆದುಹಾಕಲು ಮನಸ್ಸಾಗಲಿಲ್ಲ. ಒಂದೇ ಕೋಡ್ ಎಲ್ಲೆಲ್ಲಿ ನಕಲಾಗಿದೆ ಎಂದು ತೋರಿಸುವುದರಲ್ಲಿ ಉಳಿದೆರಡೂ ಇದರ ಹತ್ತಿರ ಬರಲಾರವು. ಹಮಾಲಿ ಮತ್ತು ತೂಕದ ಕಡಿತ ಲೆಕ್ಕಹಾಕುವ ತುಣುಕು ಬೇರೆಬೇರೆ ಕಂಟ್ರೋಲರ್‌ಗಳಲ್ಲಿ ಅಂಟಿಕೊಂಡಿದ್ದು ನಮಗೆ ಕಂಡಿದ್ದು ಇದರಿಂದಲೇ. ಒಂದು ಕಡೆ ದರ ಬದಲಿಸಿ ಇನ್ನೊಂದು ಕಡೆ ಮರೆತರೆ ರೈತನ ಪಟ್ಟಿಯಲ್ಲೇ ಹಣ ತಪ್ಪುತ್ತದೆ. ಈಗ ವಾರಕ್ಕೊಮ್ಮೆ, ರಾತ್ರಿ ಹೊತ್ತು ಓಡುತ್ತದೆ.

ಪುಲ್ ರಿಕ್ವೆಸ್ಟ್‌ನ ಬಾಗಿಲಲ್ಲಿ ನಾನು ನಿಲ್ಲಿಸಿದ್ದು ಸೆಮ್‌ಗ್ರೆಪ್ ಅನ್ನು. ಸರ್ವರ್ ಬೇಡ, ಬೇಕಾದದ್ದೆಲ್ಲ ಒಳಗೇ ಇರುವ ಒಂದು ಕಂಟೇನರ್ ಸಾಕು. ಪಿಎಚ್‌ಪಿ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರಕ್ಕೂ ಸಿದ್ಧ ನಿಯಮಗಳಿವೆ. ನಮ್ಮ ಕೋಡ್ ಮೇಲೆ ಚಹಾ ತಣ್ಣಗಾಗುವುದರೊಳಗೆ ಮುಗಿಯುತ್ತದೆ. ಡೇಟಾಬೇಸ್‌ಗೆ ಹೋಗುವ ಕ್ವೆರಿಯೊಳಗೆ ನೇರವಾಗಿ ಅಕ್ಷರ ಜೋಡಿಸಿದ ಜಾಗಗಳನ್ನು ಮೊದಲ ಓಟದಲ್ಲೇ ಹಿಡಿಯಿತು.

ಆದರೆ ನನ್ನನ್ನು ಗೆದ್ದದ್ದು ಸಿದ್ಧ ನಿಯಮಗಳಲ್ಲ, ನಾವೇ ಬರೆದ ನಿಯಮ. ಲಾರಾವೆಲ್‌ನಲ್ಲಿ ಗ್ಲೋಬಲ್ ಸ್ಕೋಪ್ ಎಂಬ ವ್ಯವಸ್ಥೆ ಇದೆ. ಪ್ರತಿ ಕ್ವೆರಿಗೂ "ಈ ಅಂಗಡಿಯದ್ದು ಮಾತ್ರ" ಎಂಬ ಷರತ್ತನ್ನು ನಾವು ಅದರ ಮೂಲಕ ಸೇರಿಸುತ್ತೇವೆ. ಅದನ್ನು ಕಳಚುವ ಫಂಕ್ಷನ್ ಕೂಡ ಉಂಟು. ಆಡಳಿತದ ಫೋಲ್ಡರ್ ಬಿಟ್ಟು ಬೇರೆಲ್ಲಾದರೂ ಯಾರಾದರೂ ಅದನ್ನು ಬಳಸಿದರೆ ಒಂದು ಅಂಗಡಿಯ ಲೆಕ್ಕ ಇನ್ನೊಂದಕ್ಕೆ ಕಾಣುತ್ತದೆ. ಇದು ಅಪಾಯ ಎಂದು ಜಗತ್ತಿನ ಯಾವ ಸಿದ್ಧ ನಿಯಮವೂ ಹೇಳದು, ಏಕೆಂದರೆ ಇದು ನಮ್ಮ ಗಂಜ್‌ನ ಕಟ್ಟುಪಾಡು. ಸೆಮ್‌ಗ್ರೆಪ್‌ನಲ್ಲಿ ನಿಯಮ ಬರೆಯುವುದೆಂದರೆ ಹುಡುಕಬೇಕಾದ ಕೋಡನ್ನೇ ಪಿಎಚ್‌ಪಿಯಂತೆ ಬರೆದು, ಬದಲಾಗುವ ಜಾಗಕ್ಕೆ ಮೂರು ಚುಕ್ಕಿ ಇಡುವುದು. ಎರಡು ಮಾದರಿ, ಬಿಡಬೇಕಾದ ಫೋಲ್ಡರ್‌ನ ಹೆಸರು, ಒಂದು ಸಂದೇಶ, ಇಷ್ಟೇ. ಆ ಸಂದೇಶವನ್ನು ಕನ್ನಡದಲ್ಲೇ ಬರೆದೆ: "ಇಲ್ಲಿ ಅಂಗಡಿಯ ಬೇಲಿ ಕಳಚಿದೆ, ಬೇರೆಯವರ ಲೆಕ್ಕ ಕಾಣಬಹುದು." ಹೊಸದಾಗಿ ಸೇರಿದ ಹುಡುಗಿ ಲಾಗ್‌ನಲ್ಲಿ ಇದನ್ನು ಓದಿ, ಯಾರನ್ನೂ ಕೇಳದೆ ಸರಿಪಡಿಸಿದಳು. ಕೋಡ್‌ಕ್ಯೂಎಲ್‌ನಲ್ಲೂ ಸ್ವಂತ ನಿಯಮ ಬರೆಯಬಹುದು, ಆದರೆ ಅದಕ್ಕೆ ಅದರದೇ ಕ್ವೆರಿ ಭಾಷೆ ಕಲಿಯಬೇಕು.

ಹಚ್ಚುವಾಗ ಒಂದು ಮಾತು ಮುಖ್ಯ. ಹಳೆಯ ಕೋಡಿನ ದೋಷಗಳಿಗೆಲ್ಲ ಕೆಂಪು ತೋರಿಸಿದರೆ ಯಾರ ಪುಲ್ ರಿಕ್ವೆಸ್ಟೂ ಮುಂದೆ ಹೋಗದು, ವಾರ ಕಳೆಯುವುದರೊಳಗೆ ಸ್ಕ್ಯಾನನ್ನೇ ಆರಿಸಿಬಿಡುತ್ತಾರೆ. ಸೆಮ್‌ಗ್ರೆಪ್‌ಗೆ ಬೇಸ್‌ಲೈನ್ ಕಮಿಟ್ (ಹೋಲಿಸಲು ಹಿಡಿದ, ಕೋಡಿನ ಹಿಂದಿನ ಒಂದು ದಾಖಲಾದ ಸ್ಥಿತಿ) ಕೊಟ್ಟರೆ ಅದರ ನಂತರ ಹುಟ್ಟಿದ ದೋಷಗಳನ್ನಷ್ಟೇ ಹೇಳುತ್ತದೆ. ಇದಕ್ಕೆ ಹಿಂದಿನ ಕಮಿಟ್‌ಗಳ ಇತಿಹಾಸ ಬೇಕು, ಆದರೆ ಸ್ಕ್ಯಾನ್‌ಗೆ ಕೋಡ್ ತರುವ ಗಿಟ್‌ಹಬ್‌ನ ಚೆಕ್‌ಔಟ್ ಸುಮ್ಮನೆ ಬಿಟ್ಟರೆ ಕೊನೆಯ ಕಮಿಟ್ ಒಂದನ್ನೇ ತರುತ್ತದೆ. ಅದರ ಫೆಚ್ ಡೆಪ್ತ್ ಅನ್ನು ಸೊನ್ನೆಗೆ ಇಡಿ, ಆಗ ಪೂರ್ತಿ ಇತಿಹಾಸ ಬರುತ್ತದೆ. ಸೆಮ್‌ಗ್ರೆಪ್‌ನ ಆಜ್ಞೆಗೆ ಎರರ್ ಆಯ್ಕೆಯನ್ನೂ ಸೇರಿಸಿ, ಇಲ್ಲದಿದ್ದರೆ ದೋಷ ಸಿಕ್ಕರೂ ಹಸಿರೇ ಉಳಿಯುತ್ತದೆ.

ಸ್ಕ್ಯಾನ್ ಓಡುವ ಜಾಗದಲ್ಲಿ ನಮ್ಮ ಗುಪ್ತ ಕೀಲಿಗಳೂ ಇರುತ್ತವೆ. 2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಎಂಬ ಆಕ್ಷನ್‌ನ (ಗಿಟ್‌ಹಬ್‌ನಲ್ಲಿ ಇತರರು ಬರೆದಿಟ್ಟ, ತಾನಾಗಿ ಓಡುವ ತುಣುಕು) ಆವೃತ್ತಿ ಹೆಸರುಗಳಾದ ಟ್ಯಾಗ್‌ಗಳನ್ನೇ ಯಾರೋ ದುಷ್ಟ ಕಮಿಟ್‌ಗೆ ತಿರುಗಿಸಿದರು. 23,000ಕ್ಕೂ ಹೆಚ್ಚು ರೆಪೊಗಳು ಅದನ್ನು ಬಳಸುತ್ತಿದ್ದವು, ಕೀಲಿಗಳು ಲಾಗ್‌ನಲ್ಲಿ ಅಚ್ಚಾಗುವಂತಾಯಿತು. ಅಂದಿನಿಂದ ಹೊರಗಿನ ಯಾವ ಆಕ್ಷನ್ ಆದರೂ ಟ್ಯಾಗ್ ಹೆಸರಿನಿಂದ ಕರೆಯದೆ ಕಮಿಟ್‌ನ ಬದಲಾಗದ ಗುರುತಾದ ಪೂರ್ತಿ ಹ್ಯಾಶ್‌ನಿಂದಲೇ ಕರೆಯುತ್ತೇವೆ. ಸ್ಕ್ಯಾನ್‌ನ ಟೋಕನ್‌ಗೆ (ರೆಪೊ ಪ್ರವೇಶದ ಕೀಲಿ) ಓದುವ ಅನುಮತಿ ಮಾತ್ರ.

ಉಚಿತ ಎಂಬುದು ಎಷ್ಟು ದಿನ ಎಂಬ ಪ್ರಶ್ನೆ ಸೆಮ್‌ಗ್ರೆಪ್‌ಗೂ ಇದೆ. 2024ರ ಡಿಸೆಂಬರ್‌ನಲ್ಲಿ ಉಚಿತ ಆವೃತ್ತಿಯ ಹೆಸರು ಮತ್ತು ನಿಯಮಗಳ ಪರವಾನಗಿ ಬದಲಾದವು, ಮರುತಿಂಗಳೇ ಅದೇ ಕೋಡಿನಿಂದ ಬೇರೆಯವರು ಮಾಡಿದ ಓಪನ್‌ಗ್ರೆಪ್ ಎಂಬ ಕವಲು ಒಡೆಯಿತು. ನಮ್ಮ ಸ್ವಂತ ನಿಯಮಗಳ ಫೈಲು ನಮ್ಮ ರೆಪೊದಲ್ಲೇ ಇದೆ, ಓಪನ್‌ಗ್ರೆಪ್ ಕೂಡ ಅದೇ ಬಗೆಯ ಫೈಲನ್ನು ಓದುತ್ತದೆ. ಹಾಗಾಗಿ ಇದು ನನ್ನ ನಿದ್ದೆ ಕೆಡಿಸಿಲ್ಲ.

ಕೊಪ್ಪಳದ ಗೆಳೆಯನೊಬ್ಬ ತನ್ನ ಜಾವಾ ಕೋಡಿಗೆ ಏನು ಹಾಕಲಿ ಎಂದು ಕೇಳಿದ. ಅವನ ರೆಪೊ ತೆರೆದದ್ದು. ಅವನಿಗೆ ಕೋಡ್‌ಕ್ಯೂಎಲ್ ಹಾಕು ಅಂದೆ, ಎರಡನೇ ಯೋಚನೆಯಿಲ್ಲದೆ.